ಅಮಳನೇರಿನ ಆರು ವರ್ಷಗಳು

(ಹೈಸ್ಕೂಲು ಉಪಾಧ್ಯಾಯರ ಕೂಟವೊಂದರಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಮಾತಾಡಬೇಕೆಂದಿರುವದು ಒಬ್ಬ ಮಾಸ್ತರರ ವಿಷಯವಾಗಿ. ಅವರು ಯಾವ ವಿಶ್ವವಿದ್ಯಾಲಯಕ್ಕೂ ಕುಲಪತಿಗಳಾದವರಲ್ಲ. ಶಿಕ್ಷಣಖಾತೆಯ ದೊಡ್ಡ ಕುರ್ಚಿಯಲ್ಲಿ ಕುಳಿತವರಲ್ಲ. ಶಾಲೆಯ ಹಾಜರಿಪಟದಲ್ಲಿ ಅವರ ಹೆಸರು ಇದ್ದದ್ದು ಕೇವಲ ಆರು ವರ್ಷ, 1924ರ ಜೂನದಿಂದ 1930ರ ಏಪ್ರಿಲದವರೆಗೆ. ಐವತ್ತು ವರ್ಷದ ಆಯುಷ್ಯದಲ್ಲಿ ಆರೇ ವರ್ಷ! ಆದರೂ ತಂದೆತಾಯಿಗಳಿಟ್ಟ ಪಾಂಡುರಂಗ ಸದಾಶಿವ ಸಾನೆ ಎಂಬ ಹೆಸರನ್ನು ಹೇಳಿದರೆ ಯಾರೆಂದು ಕ್ಷಣಹೊತ್ತು ಆಲೋಚಿಸುವ ಮಹಾರಾಷ್ಟ್ರವು, ಸಾನೆ ಗುರೂಜಿ ಎಂದೊಡನೆ ಕೈ ಮುಗಿಯುವದು. ಮನೆತನದ ಹೆಸರಿಗೆ ಉದ್ಯೋಗದ ಹೆಸರು ಹೀಗೆ ಬೆಸುಗೆಗೊಂಡು ಬಿಡಿಸಲು ಬಾರದಂತಾದದ್ದು ಹೇಗೆಂಬದೇ ನಮ್ಮ ಇಂದಿನ ವಿಷಯವು.

ಕನ್ನಡ ನಾಡಿನ ಏಕೀಕರಣವನ್ನೇ ವ್ರತವಾಗಿ ಹಿಡಿದವರ ನಡುವೆ ನಿಂತು ಮರಾಠಿ ಮಾಸ್ತರರೊಬ್ಬರನ್ನು ಕೊಂಡಾಡುವದೇಕೆಂದು ಕೆಲವರು ಕೇಳಿಯಾರು. ಆ ಪ್ರಶ್ನೆಯನ್ನು ನಾವು ತಪ್ಪಿಸಿಕೊಳ್ಳುವದಿಲ್ಲ. ಅದಕ್ಕೆ ಬರುವ ಹೊತ್ತಿಗೆ ಬರುವೆವು. ಸದ್ಯಕ್ಕೆ ಇಷ್ಟು ಸಾಕು: ಬಾವಿಯು ನೆರೆಯವನ ಹಿತ್ತಿಲಲ್ಲಿದೆಯೆಂದು ನೀರನ್ನು ಉಪ್ಪೆಂದು ಹೇಳುವ ರೂಢಿ ನಮ್ಮದಲ್ಲ.

ಹನ್ನೆರಡರಿಂದ ಹದಿನೇಳರವರೆಗಿನ ವಯಸ್ಸನ್ನು ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ಗಂಟಲು ಒಡೆದು ಧ್ವನಿಯು ತನ್ನ ಸ್ವಾಧೀನದಲ್ಲಿಲ್ಲದ ಕಾಲ. ಕೈಕಾಲುಗಳು ಅಂಗಿಯ ಅಳತೆಯನ್ನು ಮೀರಿ ಹೊರಗೆ ಬರುವ ಕಾಲ. ಕಾರಣವಿಲ್ಲದ ನಗು, ಕಾರಣವಿಲ್ಲದ ಸಿಟ್ಟು, ಕಾರಣವಿದ್ದರೂ ಯಾರಿಗೂ ಹೇಳಲಾಗದ ಅಳು. ಮನೆಯಲ್ಲಿ ಒಂದು ಗಳಿಗೆಗೆ ‘ಇನ್ನೂ ಕೂಸು’ ಎನ್ನಿಸಿಕೊಂಡು, ಮರುಗಳಿಗೆಗೆ ‘ಕೋಣನಷ್ಟು ಬೆಳೆದಿದ್ದೀ’ ಎನ್ನಿಸಿಕೊಳ್ಳುವ ಹುಡುಗನಿಗೆ ತಾನು ಈ ಎರಡರಲ್ಲಿ ಯಾವದೆಂಬದೇ ತಿಳಿಯದು. ಕೂಸಿಗೆ ತಾಯಿಯ ಮಡಿಲುಂಟು, ಗಂಡಸಿಗೆ ಊರ ಕಟ್ಟೆಯುಂಟು. ನಡುವಿನವನಿಗೆ ಕೂಡ್ರುವ ಸ್ಥಳವೇ ಇಲ್ಲ. ಈ ವಯಸ್ಸಿಗಾಗಿ ನಮ್ಮ ಹಿರಿಯರು ಬಿಟ್ಟುಹೋದ ಗಾದೆಯೇನು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಎಂಬದೊಂದೇ. ತೋಟಗಾರನ ಬಾಯಲ್ಲಿ ಹುಟ್ಟಿದ ಈ ಮಾತು ಶಾಲೆಯ ಮಾಳಿಗೆಯೊಳಗೆ ಹೊಕ್ಕು ಬೆತ್ತಕ್ಕೆ ಶಾಸ್ತ್ರಾಧಾರವಾಗಿ ಕುಳಿತದ್ದು ದುರ್ದೈವವೇ ಸರಿ. ಗಿಡವನ್ನು ಬಗ್ಗಿಸುವ ತೋಟಗಾರನು ಅದಕ್ಕೆ ಮೊದಲು ನೀರು ಹಾಕಿರುತ್ತಾನೆಂಬದನ್ನು ಗಾದೆಯು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕಾಯದೆಯವರಾದ ನಮಗೆ ಇಲ್ಲಿ ಒಂದು ಮಾತು ಹೇಳದಿರಲಾಗದು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯದೆಯು 2009ರಲ್ಲಿ ಬಂದು, ತನ್ನ 17ನೆಯ ಕಲಮಿನಿಂದ ದೇಹದಂಡನೆಯನ್ನೂ ಮನಸ್ಸಿಗೆ ಕೊಡುವ ಹಿಂಸೆಯನ್ನೂ ನಿಷೇಧಿಸಿತು. ಒಳ್ಳೆಯದಾಯಿತು. ಆದರೆ ಆ ಕಾಯದೆಯ ಅರ್ಥದಲ್ಲಿ ಮಗುವೆಂದರೆ ಆರರಿಂದ ಹದಿನಾಲ್ಕು ವರ್ಷದ್ದು. ಹುಡುಗನ ಮನಸ್ಸಿನೊಳಗೆ ಬಿರುಗಾಳಿ ಏಳುವ ಹೊತ್ತಿಗೆ ಸರಿಯಾಗಿ ಆ ಕಾಯದೆಯು ಅವನ ಕೈ ಬಿಡುವದು. ಅಲ್ಲದೆ, ಹೊಡೆಯಬೇಡಿರೆಂದು ಕಾಯದೆಯು ಹೇಳಬಲ್ಲುದು. ಹೊಡೆಯದೆ ಬಿಟ್ಟ ಕೈಯಿಂದ ಮತ್ತೇನು ಮಾಡಬೇಕೆಂಬದನ್ನು ಯಾವ ಕಾಯದೆಯೂ ಹೇಳಲಾರದು. ಅದಕ್ಕೆ ಮನುಷ್ಯರ ಉದಾಹರಣೆಯೇ ಬೇಕು.

ಸಾನೆಯವರು ಹುಟ್ಟಿದ್ದು 1899ರ ಡಿಸೆಂಬರ 24ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಪಾಲಗಡದಲ್ಲಿ. ಮನೆತನವು ಖೋತರದು. ಖೋತರೆಂದರೆ ಸರಕಾರದ ಪರವಾಗಿ ಊರ ಕಂದಾಯವನ್ನೆತ್ತುವ ವತನದಾರರು. ಆದರೆ ಪಾಂಡುರಂಗನಿಗೆ ತಿಳಿವಳಿಕೆ ಬರುವ ಹೊತ್ತಿಗೆ ಮನೆತನದ ಹೆಸರು ಉಳಿದು ಹೊಲಮನೆಗಳು ಸಾಲದ ಬಾಯಿಗೆ ಬಿದ್ದಿದ್ದವು. ಹೈಸ್ಕೂಲಿನ ವಿದ್ಯೆಗಾಗಿ ಹುಡುಗನು ದಾಪೋಲಿ, ಔಂಧ, ಪುಣೆ ಎಂದು ಊರಿಂದೂರಿಗೆ ತಿರುಗಿದನು. ಬಡ ವಿದ್ಯಾರ್ಥಿಗಳಿಗೆ ಅನ್ನದ ಅನುಕೂಲವಿದೆಯೆಂದು ಔಂಧ ಸಂಸ್ಥಾನಕ್ಕೆ ಹೋದರೆ ಪ್ಲೇಗು ಬಂದು ಅಲ್ಲಿಂದ ಹೊರಡಿಸಿತು. ಹಸಿವೆಯೆಂಬದನ್ನು ಅವರು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. 1917ರ ನವೆಂಬರದಲ್ಲಿ, ಇನ್ನೂ ಹದಿನೆಂಟು ತುಂಬದಿರುವಾಗ, ತಾಯಿ ಯಶೋದಾಬಾಯಿಯವರು ತೀರಿಕೊಂಡರು. ಮಗನು ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು.

ಈ ವೃತ್ತಾಂತವನ್ನು ಕನಿಕರಕ್ಕಾಗಿ ಹೇಳುತ್ತಿಲ್ಲ. ಇಂಥ ಬಾಲ್ಯವು ನಮ್ಮ ನಾಡಿನಲ್ಲಿಯೂ ಸಾವಿರಾರು ಜನರಿಗೆ ಬಂದಿದೆ. ವಿಶೇಷವೇನಂದರೆ, ಮೀಸೆ ಬಂದ ಮರುದಿನವೇ ನಾವೆಲ್ಲರೂ ಮೀಸೆ ಬರುವ ಮುಂಚಿನ ದಿನಗಳನ್ನು ಮರೆಯುವೆವು, ಸಾನೆಯವರು ಮರೆಯಲಿಲ್ಲ. ತಡವಾಗಿ ಊಟಕ್ಕೆ ಬಂದ ಹುಡುಗನು ಸುಳ್ಳು ಹೇಳುವದೇಕೆ, ಫೀ ತಾರದವನು ಎಲ್ಲರಿಗಿಂತ ಹೆಚ್ಚು ಗದ್ದಲ ಮಾಡುವದೇಕೆ, ಮನೆಯಿಂದ ಕಾಗದ ಬಂದ ದಿವಸ ಒಬ್ಬನು ಮೂಲೆ ಹಿಡಿಯುವದೇಕೆ ಎಂಬದು ಅವರಿಗೆ ತಮ್ಮ ಅನುಭವದಿಂದಲೇ ತಿಳಿದಿತ್ತು. ಉಪಾಧ್ಯಾಯನಿಗೆ ಬೇಕಾದ ವಿದ್ಯೆಗಳಲ್ಲಿ ಈ ಮರೆಯದಿರುವ ವಿದ್ಯೆಯು ಮೊದಲನೆಯದೆಂದು ನಮ್ಮ ಅಭಿಪ್ರಾಯ. ಅದನ್ನು ಯಾವ ಟ್ರೇನಿಂಗ ಕಾಲೇಜೂ ಕಲಿಸಿದ್ದನ್ನು ನಾವು ಕೇಳಿಲ್ಲ.

ಇನ್ನು ಅಮಳನೇರ. ಖಾನದೇಶದ ಬೋರಿ ನದಿಯ ದಂಡೆಯ ಊರು. ಹತ್ತಿಯ ಸೀಮೆ, ಬಟ್ಟೆಯ ಗಿರಣಿ. (ಈಗ ಬೆಂಗಳೂರಿನಲ್ಲಿ ನೆಲೆಸಿರುವ ವಿಪ್ರೋ ಕಂಪನಿಯು 1945ರಲ್ಲಿ ಅಡಿಗೆಯೆಣ್ಣೆಯ ಕಾರಖಾನೆಯಾಗಿ ಹುಟ್ಟಿದ್ದು ಇದೇ ಊರಿನಲ್ಲಿ ಎಂಬದನ್ನು ನಮ್ಮ ತರುಣರು ಬಲ್ಲರೋ ಇಲ್ಲವೋ.) ಗಿರಣಿಯ ಒಡೆಯರಾದ ಶ್ರೀಮಂತ ಪ್ರತಾಪ ಶೇಠರು 1916ರಲ್ಲಿ ಅಲ್ಲಿ ತತ್ತ್ವಜ್ಞಾನ ಮಂದಿರವೊಂದನ್ನು ಕಟ್ಟಿಸಿದ್ದರು. ಸಾನೆಯವರು ಮೊದಲು ಅಲ್ಲಿಗೆ ಹೋದದ್ದು ಮಕ್ಕಳಿಗೆ ಕಲಿಸುವದಕ್ಕಲ್ಲ. ಆ ಮಂದಿರದಲ್ಲಿ ಕುಳಿತು ವೇದಾಂತದ ಅಭ್ಯಾಸ ಮಾಡುವದಕ್ಕೆ. ಆದರೆ ಬ್ರಹ್ಮವಸ್ತುವಿನ ವಿಚಾರದಲ್ಲಿ ಅವರ ಮನಸ್ಸು ಬಹುಕಾಲ ನಿಲ್ಲಲಿಲ್ಲ. ಎಂ. ಎ. ಆದ ಮೇಲೆ ಅದೇ ಊರಿನ ಹೈಸ್ಕೂಲಿನಲ್ಲಿ ಮಾಸ್ತರಿಕೆಗೆ ನಿಂತರು. ಪ್ರತಾಪ ಹೈಸ್ಕೂಲೆಂದು ಹೆಸರಾದ ಶಾಲೆಯದು. ಅದ್ವೈತವನ್ನು ಬಿಟ್ಟು ಹುಡುಗರನ್ನು ಹಿಡಿದದ್ದನ್ನು ಪಂಡಿತರು ಇಳಿತವೆಂದಾರು, ನಾವು ಹಾಗೆನ್ನಲಾರೆವು.

ಕೆಲಕಾಲಕ್ಕೆ ವಿದ್ಯಾರ್ಥಿಗೃಹದ ಮೇಲ್ವಿಚಾರಣೆಯು ಅವರ ಪಾಲಿಗೆ ಬಂತು. ಬಂಧುಗಳೇ, ಮೇಲ್ವಿಚಾರಣೆಯೆಂದರೆ ಏನೆಂದು ನಮ್ಮ ಕಡೆಯ ಬೋರ್ಡಿಂಗುಗಳನ್ನು ಕಂಡವರಿಗೆ ಗೊತ್ತಿದೆ: ದಿನದ ಪಾಠ ಮುಗಿಸಿ ದಣಿದ ಮಾಸ್ತರರೊಬ್ಬರ ಕೊರಳಿಗೆ ಕಟ್ಟಿದ ಗಂಟೆ, ರಾತ್ರಿ ತಲೆ ಎಣಿಸುವದು, ಬೆಳಿಗ್ಗೆ ಬಾಗಿಲು ಬಡಿಯುವದು, ತಿಂಗಳಿಗೊಮ್ಮೆ ಅಕ್ಕಿಬೇಳೆಯ ಲೆಕ್ಕಕ್ಕೆ ರುಜು ಹಾಕುವದು. ಸಾನೆಯವರು ಮಾಡಿದ್ದೇ ಬೇರೆ. ಹುಡುಗರು ಹೊರಗೆ ಹೋದ ಹೊತ್ತಿನಲ್ಲಿ ಅವರ ಕೋಣೆಗಳನ್ನು ತಾವೇ ಗುಡಿಸುವರು. ಚೆಲ್ಲಾಡಿದ ಹಾಸಿಗೆಗಳನ್ನು ಮಡಿಸಿಡುವರು. ಕಂದೀಲಿನ ಗಾಜು ಮಸಿ ಹಿಡಿದಿದ್ದರೆ ಒರೆಸುವರು. ನೆನೆಯಿಟ್ಟು ಮರೆತ ಬಟ್ಟೆಗಳನ್ನು ಒಗೆದು ಒಣಗಹಾಕುವರು. ಜ್ವರ ಬಂದವನ ಹಾಸಿಗೆಯ ಹತ್ತಿರ ರಾತ್ರಿಯನ್ನು ಕಳೆಯುವರು. ಮತ್ತು ಇದಾವದನ್ನೂ ಬಾಯಿ ಬಿಟ್ಟು ಹೇಳುವವರಲ್ಲ.

ಇದರ ಪರಿಣಾಮವನ್ನು ಸ್ವಲ್ಪ ಕಲ್ಪಿಸಿರಿ. ಹದಿನಾಲ್ಕು ವರ್ಷದ ಹುಡುಗನು ಯಾವ ಅಪ್ಪಣೆಯನ್ನಾದರೂ ಎದುರಿಸಬಲ್ಲನು. ಎದುರಿಸುವದೇ ಆ ವಯಸ್ಸಿನ ಪೌರುಷ. ‘ಕೋಣೆ ಗುಡಿಸು’ ಎಂದರೆ ಗುಡಿಸದಿರುವದರಲ್ಲಿ ಅವನಿಗೊಂದು ವಿಜಯವಿದೆ. ಆದರೆ ಆಟದಿಂದ ಬಂದು ನೋಡಿದಾಗ ತನ್ನ ಕೋಣೆಯು ಗುಡಿಸಿದೆ, ತನ್ನ ಅಂಗಿಯು ಹಗ್ಗದ ಮೇಲಿದೆ, ಕೈಯಲ್ಲಿ ಕಸಬರಿಗೆ ಹಿಡಿದು ಆ ಕಡೆಯ ಕೋಣೆಯಿಂದ ಬರುತ್ತಿರುವವರು ತನಗೆ ತರಗತಿಯಲ್ಲಿ ಪಾಠ ಹೇಳುವ ಎಂ. ಎ. ಆದ ಮಾಸ್ತರರು. ಈಗ ಯಾರನ್ನು ಎದುರಿಸಬೇಕು? ಯಾವದರ ಮೇಲೆ ಸಿಟ್ಟಾಗಬೇಕು? ಅವಮಾನವಿಲ್ಲದ ನಾಚಿಕೆಯೆಂಬದೊಂದುಂಟು, ಬೈಗಳಿಂದ ಅದು ಹುಟ್ಟುವದಿಲ್ಲ. ಅಲ್ಲದೆ ಖಾನದೇಶದ ಹಳ್ಳಿಗಳಿಂದ ಅಹಿರಾಣಿ ಆಡುಮಾತನ್ನು ತೆಗೆದುಕೊಂಡು ಬಂದ ಹುಡುಗನಿಗೆ ಮೊದಲೇ ಶಾಲೆಯ ಶಿಷ್ಟ ಮರಾಠಿಯು ಅರ್ಧ ಪರಭಾಷೆ, ಇಂಗ್ಲೀಷು ಪೂರ್ತಿ ಪರಭಾಷೆ. ಬಾಯಿ ತೆರೆಯಲು ಹೆದರುವ ಅಂಥವನಿಗೆ ಮಾತಿಲ್ಲದ ಕೆಲಸವು ಯಾವ ಉಪನ್ಯಾಸಕ್ಕಿಂತಲೂ ಬೇಗ ತಿಳಿಯುತ್ತಿದ್ದಿರಬೇಕು.

ಈ ಪದ್ಧತಿಗೆ ಆಕ್ಷೇಪವಿಲ್ಲವೆಂದಲ್ಲ. ಮಾಸ್ತರರೇ ಬಟ್ಟೆ ಒಗೆದರೆ ಹುಡುಗರು ಸೋಮಾರಿಗಳಾಗರೇ, ತಲೆಯ ಮೇಲೆ ಕೂಡ್ರರೇ ಎಂದು ಅನುಭವಸ್ಥರು ಕೇಳುವರು. ಕೆಲವರು ಕೂತಿದ್ದಾರು. ಇದಕ್ಕಿಂತ ದೊಡ್ಡ ಆಕ್ಷೇಪವನ್ನು ನಾವೇ ಹೂಡುತ್ತೇವೆ: ಗುರುವಿನ ತ್ಯಾಗವು ಎಳೆಯ ಮನಸ್ಸಿನ ಮೇಲೆ ಸಾಲದಂತೆ ಕುಳಿತು ಅದನ್ನು ಜಜ್ಜುವದೂ ಉಂಟು. ಸಾನೆಯವರ ಸ್ವಭಾವದಲ್ಲಿ ಕಣ್ಣೀರಿನ ಪಾಲು ಹೆಚ್ಚೆಂಬದನ್ನು ಅವರ ಭಕ್ತರೂ ಒಪ್ಪುವರು. ಅವರ ಬರೆಹಗಳನ್ನು ಓದುವಾಗ ಎಷ್ಟೋ ಸಲ ನಮಗೂ ‘ಸ್ವಲ್ಪ ತಡೆಯಬಾರದಿತ್ತೇ’ ಎನಿಸಿದೆ. ಅದನ್ನೇ ಅನುಕರಿಸಹೊರಟ ಮಾಸ್ತರನು ನಗೆಗೀಡಾದಾನು. ಕಸಬರಿಗೆಯು ಎಲ್ಲರ ಕೈಯಲ್ಲಿಯೂ ಒಂದೇ ಕೆಲಸ ಮಾಡುವದಿಲ್ಲ.

ಆದರೆ ಅವರ ಪ್ರೀತಿಯು ಬರಿಯ ಮೆತ್ತಗಿನದಾಗಿತ್ತೆಂದು ತಿಳಿಯುವವರು ‘ಶ್ಯಾಮಚೀ ಆಯೀ’ ಪುಸ್ತಕದಲ್ಲಿಯ ಈಜಿನ ಪ್ರಸಂಗವನ್ನು ನೋಡಬೇಕು. ಶ್ಯಾಮನೆಂಬವನು ಸಾನೆಯವರೇ. ಊರ ಹುಡುಗರೆಲ್ಲ ಬಾವಿಯಲ್ಲಿ ಈಜು ಕಲಿಯುತ್ತಿರಲು ಶ್ಯಾಮನು ಹೆದರಿ ಅಟ್ಟದ ಮೇಲೆ ಅಡಗಿದನು. ತಾಯಿಯು ಅವನನ್ನು ಹುಡುಕಿ ಎಳೆದು, ಕೋಲಿನಿಂದ ಹೊಡೆದು ಬಾವಿಗೆ ಅಟ್ಟಿದಳು. ನೀರಿಗೆ ಬಿದ್ದು ಈಜಿ ಬಂದ ಮಗನ ಬೆನ್ನಿನ ಬಾಸುಂಡೆಗಳಿಗೆ ಎಣ್ಣೆ ಹಚ್ಚುವಾಗ ಅವಳ ಕಣ್ಣಲ್ಲಿ ನೀರು. ಮಗನನ್ನು ನಾಲ್ವರು ಅಂಜುಬುರುಕನೆಂದು ಕರೆಯುವದನ್ನು ಅವಳು ಸಹಿಸಲಾರಳು. ಹೊಡೆತವನ್ನು ಎತ್ತಿಹಿಡಿಯಲು ಈ ಕತೆಯನ್ನು ಹೇಳುತ್ತಿಲ್ಲ. ಮಗನು ಈ ಸಂಗತಿಯನ್ನು ಮುಪ್ಪಾಗದ ಗಾಯವಾಗಿ ನೆನೆಯದೆ ಉಪಕಾರವಾಗಿ ನೆನೆದನಲ್ಲ, ಅದು ಹೇಗೆ? ಹೊಡೆದ ಕೈಯೇ ಎಣ್ಣೆ ಹಚ್ಚಿತು, ಅದೇ ದಿವಸ ಹಚ್ಚಿತು. ನಮ್ಮ ಶಾಲೆಗಳಲ್ಲಿ ಹೊಡೆದವರು ಒಬ್ಬರು, ಎಣ್ಣೆ ಹಚ್ಚುವವರು ಯಾರೂ ಇಲ್ಲ.

ವಿದ್ಯಾರ್ಥಿಗೃಹದ ಇನ್ನೊಂದು ಸಂಗತಿಯು ನಮ್ಮಂಥ ಪತ್ರಿಕಾಪ್ರಿಯರಿಗೆ ವಿಶೇಷವಾಗಿ ರುಚಿಸುವಂಥಾದ್ದು. ಸಾನೆಯವರು ಹುಡುಗರಿಗಾಗಿ ‘ಛಾತ್ರಾಲಯ’ವೆಂಬ ದಿನಪತ್ರಿಕೆಯನ್ನು ಹೊರಡಿಸುತ್ತಿದ್ದರು. ಅಚ್ಚುಮೊಳೆಯಿಲ್ಲ, ಯಂತ್ರವಿಲ್ಲ, ಚಂದಾ ಇಲ್ಲ. ಕೈಬರಹದ ಒಂದೇ ಪ್ರತಿ. ಹಗಲೆಲ್ಲ ಪಾಠ ಹೇಳಿದ ಮನುಷ್ಯನು ದಿನಾಲು ಪುಟ ತುಂಬಿಸಿ, ನಲವತ್ತು ಐವತ್ತು ಕಣ್ಣುಗಳು ಓದಲೆಂದು ಇಟ್ಟುಬಿಡುವದು ವಿನೋದದ ಕೆಲಸವಲ್ಲ; ವಾರಕ್ಕೊಮ್ಮೆ ಪತ್ರಿಕೆ ಹೊರಡಿಸುವವರ ಬೆನ್ನು ಎಷ್ಟು ನೋಯುವದೆಂಬದನ್ನು ಈ ಸಭೆಯಲ್ಲಿಯೇ ಇರುವ ಸಂಪಾದಕ ಮಿತ್ರರನ್ನು ಕೇಳಿರಿ. 1928ರಲ್ಲಿ ‘ವಿದ್ಯಾರ್ಥಿ’ಯೆಂಬ ಮಾಸಪತ್ರಿಕೆಯನ್ನೂ ಆರಂಭಿಸಿದರು. ಅದಕ್ಕೂ ಮುಂಚೆ, 1925ರಲ್ಲಿಯೇ, ಗೋಖಲೆಯವರ ಚರಿತ್ರೆಯನ್ನು ಬರೆದಿದ್ದರು. ಮುಂದೆ ಈಶ್ವರಚಂದ್ರ ವಿದ್ಯಾಸಾಗರರ ಚರಿತ್ರೆಯನ್ನೂ ಬರೆದರು.

ಬರೆದು ತಿಳಿಸುವ ಈ ಕ್ರಮದಲ್ಲಿ ಒಂದು ಜಾಣತನವಿದೆ. ಎದುರಿಗೆ ನಿಲ್ಲಿಸಿಕೊಂಡು ‘ನೀನು ಹೀಗಿರಬೇಕು’ ಎಂದರೆ ಹುಡುಗನು ನೆಲ ನೋಡುವನು. ಅವನ ಕಿವಿಯು ಗೋಡೆಯಾಗುವದು. ಅದೇ ಮಾತನ್ನು ಕಾಗದದಲ್ಲಿ ಬರೆದಿಟ್ಟರೆ, ಯಾರೂ ಇಲ್ಲದಾಗ ಬಂದು ಓದುವನು. ಬೇಕಾದರೆ ಎರಡು ಸಲ ಓದುವನು. ಒಪ್ಪದಿದ್ದರೆ ಒಪ್ಪದಿರುವ ಸ್ವಾತಂತ್ರ್ಯವೂ ಅವನಿಗುಂಟು. ಬೆಳೆಯುತ್ತಿರುವ ಮನಸ್ಸಿಗೆ ಮಾತಿಗಿಂತಲೂ ಈ ಏಕಾಂತವು ಮುಖ್ಯ. ಖರ್ಚಿನ ಮಾತೋ? ಒಂದು ಹಾಳೆ, ಒಂದು ದೌತಿ ಮಸಿ.

ಹೀಗಿರಲು 1930ನೆಯ ಇಸವಿಯು ಬಂತು. ಮಾರ್ಚ 12ಕ್ಕೆ ಮಹಾತ್ಮರು ದಂಡಿಯ ಕಡೆಗೆ ಹೆಜ್ಜೆ ಹಾಕಿದರು. ಏಪ್ರಿಲ 13ಕ್ಕೆ ನಮ್ಮ ಅಂಕೋಲೆಯ ಸಮುದ್ರದಂಡೆಯಲ್ಲಿಯೂ ಉಪ್ಪಿನ ಕಾಯದೆಯು ಮುರಿಯಿತು. ಅದೇ ತಿಂಗಳ ಕೊನೆಗೆ ಸಾನೆಯವರು ಹೈಸ್ಕೂಲಿಗೆ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ ಅವರನ್ನು ಬಂಧಿಸಲಾಯಿತು. ಜೂನದಲ್ಲಿ ಶಾಲೆಯು ತೆರೆದಾಗ ಹುಡುಗರಿಗೆ ಅವರು ಇರಲಿಲ್ಲ.

ಈ ಕೊನೆಯ ವಾಕ್ಯದ ಹತ್ತಿರ ನಾವು ಸ್ವಲ್ಪ ನಿಲ್ಲುವೆವು. ದೇಶಭಕ್ತರ ಚರಿತ್ರೆಗಳಲ್ಲಿ ಈ ವಾಕ್ಯವು ಬರುವದಿಲ್ಲ. ಅಲ್ಲಿ ರಾಜೀನಾಮೆಯಾದೊಡನೆ ಜಯಘೋಷವು ಕೇಳಿಸುವದು. ಆದರೆ ಆ ವಿದ್ಯಾರ್ಥಿಗೃಹದಲ್ಲಿ ತಾಯಿ ಇಲ್ಲದ ಹುಡುಗನೊಬ್ಬನಿದ್ದರೆ, ಮನೆಯವರು ಓದು ಬಿಡಿಸಬೇಕೆಂದಿದ್ದವನೊಬ್ಬನಿದ್ದರೆ, ಅವನ ಮಟ್ಟಿಗೆ ಆ ಜೂನ ಎಂಥದು? ದೇಶಕ್ಕೆ ಕೋಟಿಗಟ್ಟಲೆ ಮಕ್ಕಳು. ಅವನಿಗೆ ಇದ್ದವರು ಒಬ್ಬರೇ ಮಾಸ್ತರರು. ನ್ಯಾಯಾಲಯದಲ್ಲಿ ವಾದವನ್ನು ಕೇಳುವವರು ಎರಡೂ ಪಕ್ಷಗಳನ್ನು ಕೇಳಬೇಕಷ್ಟೇ. ಹುಡುಗನ ಪಕ್ಷದಲ್ಲಿಯೂ ನ್ಯಾಯವಿದೆಯೆಂದು ನಾವು ಸ್ಪಷ್ಟವಾಗಿ ಹೇಳುವೆವು. ಸ್ವಾತಂತ್ರ್ಯದ ಬೆಲೆಯನ್ನು ಸೆರೆಮನೆಗೆ ಹೋದವರಷ್ಟೇ ತೆತ್ತರೆಂದು ಬಗೆಯುವದು ಸರಿಯಲ್ಲ. ಅವರ ಹಿಂದೆ ಉಳಿದ ಮಕ್ಕಳೂ ತೆತ್ತರು, ಅವರಿಗೆ ತಾಮ್ರಪಟವಿಲ್ಲ.

ಹಾಗಾದರೆ ಸಾನೆಯವರು ಮಾಡಿದ್ದು ತಪ್ಪೇ? ತಪ್ಪಲ್ಲವೆಂಬದು ನಮ್ಮ ತೀರ್ಪು, ಕಾರಣವನ್ನು ಹೇಳುವೆವು. ಆರು ವರ್ಷ ಹುಡುಗರ ಎದುರಿಗೆ ವಿದ್ಯಾಸಾಗರರ ಧೈರ್ಯವನ್ನೂ ಗೋಖಲೆಯವರ ನಿಸ್ವಾರ್ಥವನ್ನೂ ಬಣ್ಣಿಸಿದವರು, ಆ ಗುಣಗಳಿಗೆ ಕರೆ ಬಂದ ದಿವಸ ಸಂಬಳದ ಕುರ್ಚಿಯನ್ನು ಹಿಡಿದು ಕುಳಿತಿದ್ದರೆ, ಆ ಆರು ವರ್ಷಗಳ ಪಾಠವನ್ನು ತಾವೇ ಒರೆಸಿ ಹಾಕಿದಂತಾಗುತ್ತಿತ್ತು. ಹದಿನಾರರ ಹುಡುಗನು ಉಪಾಧ್ಯಾಯರ ಅಜ್ಞಾನವನ್ನು ಕ್ಷಮಿಸುವನು, ಕೋಪವನ್ನೂ ಕ್ಷಮಿಸುವನು. ಆಡಿದ್ದೊಂದು ನಡೆದದ್ದೊಂದು ಎಂಬದನ್ನು ಮಾತ್ರ ಎಂದಿಗೂ ಕ್ಷಮಿಸುವದಿಲ್ಲ. ಅವರು ಮೊದಲು ರಾಜೀನಾಮೆಯನ್ನು ಕೊಟ್ಟು ಆಮೇಲೆ ಚಳವಳಿಗೆ ಇಳಿದರೆಂಬದನ್ನೂ ಗಮನಿಸಬೇಕು. ಶಾಲೆಯ ನೆರಳಿನಲ್ಲಿ ಅಡಗಿ ಕೆಲಸ ಮಾಡಲಿಲ್ಲ. ಶಾಲೆಯ ಮೇಲೆ ಸರಕಾರದ ಸಿಟ್ಟನ್ನು ಎಳೆಯಲಿಲ್ಲ.

ಅಲ್ಲದೆ ಅವರು ಆ ವಯಸ್ಸಿನ ಮಕ್ಕಳನ್ನು ಬಿಟ್ಟದ್ದಾದರೂ ಎಲ್ಲಿ? ಸೆರೆಮನೆಯೇ ಅವರಿಗೆ ಶಾಲೆಯಾಯಿತು. 1932ರಲ್ಲಿ ಧುಳೆಯ ಜೇಲಿನಲ್ಲಿ ವಿನೋಬರು ಫೆಬ್ರುವರಿಯಿಂದ ಜೂನವರೆಗೆ ಭಾನುವಾರಕ್ಕೊಂದರಂತೆ ಗೀತೆಯ ಹದಿನೆಂಟು ಅಧ್ಯಾಯಗಳ ಮೇಲೆ ಪ್ರವಚನ ಮಾಡಿದಾಗ, ಕೇಳುತ್ತ ಕೇಳುತ್ತ ಬರೆದುಕೊಂಡವರು ಸಾನೆ ಗುರೂಜಿ. ಕನ್ನಡದಲ್ಲಿಯೂ ಮನೆಮಾತಾದ ‘ಗೀತಾಪ್ರವಚನ’ವು ಉಳಿದದ್ದು ಆ ಲೇಖಣಿಯಿಂದ. ಮುಂದೆ ನಾಸಿಕದ ಜೇಲಿನಲ್ಲಿ, 1933ರ ಫೆಬ್ರುವರಿಯ 9ರಿಂದ 13ರವರೆಗೆ, ಐದೇ ದಿವಸಗಳಲ್ಲಿ ‘ಶ್ಯಾಮಚೀ ಆಯೀ’ಯನ್ನು ಬರೆದರು, ಅದು 1935ರಲ್ಲಿ ಅಚ್ಚಾಯಿತು. ಆ ಪುಸ್ತಕದ ರೂಪವನ್ನು ನೋಡಿರಿ: ಸಂಜೆಯಾದ ಮೇಲೆ ಗೆಳೆಯರು ಸುತ್ತಲೂ ಕೂಡುವರು, ಶ್ಯಾಮನು ರಾತ್ರಿಗೊಂದರಂತೆ ತಾಯಿಯ ನೆನಪುಗಳನ್ನು ಹೇಳುವನು, ನಲವತ್ತೆರಡು ರಾತ್ರಿಗಳು. ಇದು ವಿದ್ಯಾರ್ಥಿಗೃಹದ ರಾತ್ರಿಯಲ್ಲದೆ ಮತ್ತೇನು? ಕೋಣೆಯನ್ನು ಬಿಟ್ಟುಬಂದವರು ಕೋಣೆಯನ್ನೇ ಪುಸ್ತಕವಾಗಿ ಕಟ್ಟಿದರು. ಆಚಾರ್ಯ ಅತ್ರೆಯವರು ಇದರಿಂದ 1953ರಲ್ಲಿ ತೆಗೆದ ಚಿತ್ರಪಟಕ್ಕೆ ರಾಷ್ಟ್ರಪತಿಗಳ ಮೊತ್ತಮೊದಲನೆಯ ಸ್ವರ್ಣಪದಕವು ಬಂದದ್ದು ಎಲ್ಲರಿಗೂ ಗೊತ್ತಿದೆ. ‘ಧಡಪಡಣಾರೀ ಮುಲೇ’ ಎಂಬ ಕಾದಂಬರಿಯು, ಅಂದರೆ ಒದ್ದಾಡುವ ಮಕ್ಕಳು, ಅಮಳನೇರಿನ ಆ ದಿನಗಳ ಮಣ್ಣಿನಿಂದಲೇ ಬೆಳೆದದ್ದು. ಹುಬ್ಬಳ್ಳಿಯ ಡಾ. ಹರ್ಡೀಕರರ ಸೇವಾದಳವನ್ನು ಬಲ್ಲ ನಮಗೆ ಮಹಾರಾಷ್ಟ್ರದ ರಾಷ್ಟ್ರ ಸೇವಾದಳವು ಅಪರಿಚಿತವಲ್ಲ. ಅದರ ಹುಡುಗ ಹುಡುಗಿಯರಿಗೂ ಗುರೂಜಿಯವರೇ ಗುರೂಜಿ.

ಈಗ ನಾವು ಆಗ ಮುಂದಕ್ಕೆ ಹಾಕಿದ ಪ್ರಶ್ನೆಗೆ ಬರೋಣ. ಬೆಳಗಾವಿಯ ಗಡಿಯ ವಾದದಲ್ಲಿ ನಮ್ಮ ಪಕ್ಷವು ಯಾವದೆಂಬದನ್ನು ಈ ಸಭೆಗೆ ತಿಳಿಸಬೇಕಾಗಿಲ್ಲ. 1956ರ ನವೆಂಬರ 1ರಂದು ಹರಿದುಹೋದ ಕನ್ನಡದ ಸೀಮೆಗಳು ಒಂದಾದದ್ದು ಯಾರ ಕೃಪೆಯಿಂದಲೂ ಅಲ್ಲ. ಮುಂಬಯಿ ಪ್ರಾಂತದ ಶಾಲೆಗಳಲ್ಲಿ ಕನ್ನಡ ಹುಡುಗನ ನಾಲಿಗೆಯು ಕಟ್ಟಿಹೋಗಿದ್ದ ಕಾಲವನ್ನು ನಮ್ಮ ಹಿರಿಯರು ಮರೆಯದೆ ಇದ್ದುದರಿಂದ. ಆದರೆ ಸಾನೆ ಗುರೂಜಿಯವರು ಈ ವಿಷಯದಲ್ಲಿ ಹಿಡಿದ ದಾರಿಯನ್ನು ಕೇಳಿರಿ. 1930ರ ಸೆರೆವಾಸದಲ್ಲಿ ಅವರನ್ನು ಧುಳೆಯಿಂದ ದೂರದ ತಿರುಚಿನಾಪಳ್ಳಿಯ ಜೇಲಿಗೆ ಕಳುಹಿದರು. ಅಲ್ಲಿ ದಕ್ಷಿಣದ ಸೆರೆಯಾಳುಗಳ ನಡುವೆ ಕುಳಿತಾಗ, ಒಂದೇ ದೇಶಕ್ಕಾಗಿ ಒಂದೇ ಗೋಡೆಯೊಳಗಿದ್ದರೂ ಒಬ್ಬರ ಮನಸ್ಸನ್ನು ಒಬ್ಬರು ಅರಿಯಲಾಗದೆ ಇರುವದು ಅವರಿಗೆ ಚುಚ್ಚಿತು. ಪರಪ್ರಾಂತದವರೆಲ್ಲ ಮರಾಠಿ ಕಲಿಯಲೆಂದು ಅವರು ಹೇಳಲಿಲ್ಲ; ತಾವು ತಮಿಳನ್ನು ಕಲಿತರು, ತಿರುಕ್ಕುರಳನ್ನು ಮರಾಠಿಗೆ ತಂದರು. ಈ ಬೀಜವೇ ಮುಂದೆ ‘ಆಂತರ ಭಾರತಿ’ಯೆಂಬ ಕಲ್ಪನೆಯಾಯಿತು, 1949ರಲ್ಲಿ ಪುಣೆಯ ಸಾಹಿತ್ಯ ಸಮ್ಮೇಲನದಲ್ಲಿ ಅದನ್ನು ಮುಂದಿಟ್ಟರು. ಪ್ರಾಂತಭಾಷೆಗಳು ತಮ್ಮ ತಮ್ಮ ಮನೆಗಳಲ್ಲಿ ಒಡತಿಯರಾಗಿರಲಿ, ಆದರೆ ಒಬ್ಬರ ಮನೆಗೆ ಒಬ್ಬರು ಹೋಗಿ ಬರಲಿ, ಎಂಬದು ಅದರ ತಾತ್ಪರ್ಯ. ಇದರಲ್ಲಿ ನಮ್ಮ ಏಕೀಕರಣಕ್ಕೆ ವಿರೋಧವಾದದ್ದು ಏನೂ ಇಲ್ಲ. ಏಕೀಕರಣಗೊಂಡ ನಾಡು ಮುಂದೆ ಮಾಡಬೇಕಾದ ಕೆಲಸವೇ ಇದೆ.

1947ರ ಮೇ 1ರಂದು ಪಂಢರಪುರದಲ್ಲಿ ಅವರು ಅನ್ನ ಬಿಟ್ಟು ಕುಳಿತದ್ದೂ ನಮಗೆ ದೂರದ ಸಂಗತಿಯಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗೆ ವಿಠೋಬನ ಗುಡಿಯ ಬಾಗಿಲು ತೆರೆಯಬೇಕೆಂಬದು ಹಟ. ಹತ್ತನೆಯ ದಿವಸಕ್ಕೆ ಅದು ಈಡೇರಿತು. ಆ ವಿಠ್ಠಲನನ್ನು ಮರಾಠಿಯ ಜ್ಞಾನದೇವರೇ ಕನ್ನಡದವನೆಂದು ಕರೆದಿದ್ದಾರೆ. ನಮ್ಮ ಪುರಂದರದಾಸರ ಅಂಕಿತದಲ್ಲಿರುವವನೂ ಅವನೇ. ನಮ್ಮ ದೇವರ ಬಾಗಿಲನ್ನು ನಮ್ಮ ಕೇರಿಯವರಿಗಾಗಿ ತೆರೆಸಲು ಮರಾಠಿ ಮಾಸ್ತರರೊಬ್ಬರು ಹಸಿದು ಕುಳಿತರೆಂದ ಬಳಿಕ, ಅವರನ್ನು ಕೊಂಡಾಡುವದೇಕೆಂದು ಕೇಳುವವರೇ ಉತ್ತರ ಹೇಳಬೇಕು.

ಇಂಥವರು ನಮ್ಮಲ್ಲಿಲ್ಲವೆಂದು ಹಲುಬುವದೂ ಬೇಡ. ಬೆಳಗಾವಿಯಲ್ಲಿ 1916ರ ನವೆಂಬರ 13ರಂದು ಶಾಲೆ ತೆರೆದು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಗೆ ಅಡಿಪಾಯವನ್ನಿಟ್ಟ ಏಳು ಜನರು ಯಾರು? ಬಸವನಾಳರು, ಸಾಖರೆಯವರು ಮೊದಲಾದ ಉಪಾಧ್ಯಾಯರೇ. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ನಾಡಿಗೆ ದೊಡ್ಡವರಾದವರೆಷ್ಟು! ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕೈಯ ಅನ್ನವನ್ನುಂಡ ಹುಡುಗರನ್ನು ಎಣಿಸಿದವರಾರು! ಅನ್ನದ ಮಟ್ಟಿಗೆ ಕನ್ನಡ ನಾಡು ಯಾರಿಗೂ ಕಡಿಮೆಯಲ್ಲ. ಆದರೆ ಪಂಕ್ತಿಯಲ್ಲಿ ಉಣ್ಣುತ್ತಿರುವ ಮುನ್ನೂರು ಹುಡುಗರಲ್ಲಿ ಇಂದು ರಾತ್ರಿ ಉಣ್ಣದೆ ಎದ್ದವನು ಯಾರು, ಏಕೆ ಎದ್ದ, ಎಂಬದನ್ನು ಬಲ್ಲವರೊಬ್ಬರು ಬೇಕು. ಇದು ದಾನಿಗಳಿಂದ ಬರುವಂಥಾದ್ದಲ್ಲ.

ಕೊನೆಗೆ ಒಂದು ಸಂಗತಿ ಉಳಿದಿದೆ. 1948ರ ಜನವರಿಯಲ್ಲಿ ಗಾಂಧೀಜಿಯವರ ಕೊಲೆಯಾದಾಗ, ಕೊಂದವನು ತಮ್ಮ ಮಹಾರಾಷ್ಟ್ರದವನೆಂಬ ಸಂಕಟದಿಂದ ಸಾನೆಯವರು ಪ್ರಾಯಶ್ಚಿತ್ತವಾಗಿ ಇಪ್ಪತ್ತೊಂದು ದಿವಸ ಉಪವಾಸ ಮಾಡಿದರು. ಅದೇ ವರ್ಷದ ಆಗಸ್ಟ 15ರಂದು ‘ಸಾಧನಾ’ ವಾರಪತ್ರಿಕೆಯನ್ನು ಹೊರಡಿಸಿದರು. ಕೆಲಸವು ಬೆಳೆಯುತ್ತಿತ್ತು, ಮನಸ್ಸು ಮಾತ್ರ ಕತ್ತಲಾಗುತ್ತ ನಡೆದಿತ್ತು. 1950ರ ಜೂನ 11ರಂದು, ಐವತ್ತೊಂದು ತುಂಬುವ ಮುಂಚೆಯೇ, ಅವರು ತಮ್ಮ ಜೀವವನ್ನು ತಾವೇ ಮುಗಿಸಿಕೊಂಡರು. ಇದನ್ನು ಹೇಳದೆ ಬಿಡುವದು ರೂಢಿ. ಉಪಾಧ್ಯಾಯರೇ ತುಂಬಿದ ಈ ಸಭೆಯಲ್ಲಿ ನಾವು ಬಿಡಲಾರೆವು. ಬೇರೆಯವರ ಮಕ್ಕಳು ಮೂಲೆ ಹಿಡಿದರೆ ಅರ್ಧರಾತ್ರಿಯಲ್ಲಿ ಕಂದೀಲು ಹಿಡಿದು ಹುಡುಕಿಕೊಂಡು ಹೋದವರು, ತಾವು ಮೂಲೆ ಹಿಡಿದಾಗ ಒಂಟಿಯಾಗಿಯೇ ಇದ್ದರು. ಪ್ರೀತಿಸುವವರು ಸಾವಿರಾರು ಜನರಿದ್ದರು. ಗುರೂಜಿಯವರಿಗೂ ಒಬ್ಬ ಗುರೂಜಿ ಬೇಕಾದಾರೆಂಬದು ಅವರಾರಿಗೂ ಹೊಳೆಯಲಿಲ್ಲವೋ ಏನೋ.

ಆದ್ದರಿಂದ ಈ ಕೂಟದ ಮುಂದೆ ನಮ್ಮದೊಂದು ಬಿನ್ನಹವಿದೆ. ನಮ್ಮ ಜಿಲ್ಲೆಯ ವಿದ್ಯಾರ್ಥಿಗೃಹಗಳಲ್ಲಿ ಮೇಲ್ವಿಚಾರಣೆಗೆ ಒಬ್ಬರನ್ನೇ ಇಡುವ ಪದ್ಧತಿಯನ್ನು ಬಿಟ್ಟು ಇಬ್ಬರನ್ನು ಇಡಬೇಕು. ಅವರ ತರಗತಿಯ ಪಾಠಗಳಲ್ಲಿ ದಿನಕ್ಕೆ ಒಂದು ತಾಸನ್ನು ಕಡಿಮೆ ಮಾಡಬೇಕು. ತಿಂಗಳಿಗೊಮ್ಮೆ ಸುತ್ತಲಿನ ಊರುಗಳ ಮೇಲ್ವಿಚಾರಕರು ಒಂದು ಕಡೆಗೆ ಕೂಡಿ, ತಮ್ಮ ಹುಡುಗರ ವಿಷಯವಾಗಿಯೂ ತಮ್ಮ ವಿಷಯವಾಗಿಯೂ ಮನಸ್ಸು ಬಿಚ್ಚಿ ಮಾತಾಡಲು ಅವಕಾಶ ಮಾಡಿಕೊಡಬೇಕು. ಇದನ್ನು ಠರಾವಿನ ರೂಪದಲ್ಲಿ ಬರೆದು ಅಧ್ಯಕ್ಷರ ಕೈಯಲ್ಲಿ ಕೊಟ್ಟಿದ್ದೇವೆ. ಸಂಸ್ಥೆಗಳ ಆಡಳಿತಮಂಡಳಿಯವರು ಖರ್ಚಿನ ಪ್ರಶ್ನೆಯನ್ನೆತ್ತುವರು, ಎತ್ತಲಿ. ಜೂನದಲ್ಲಿ ಶಾಲೆ ತೆರೆಯುವ ಮುಂಚೆ ಉತ್ತರವನ್ನು ಕೊಡಲು ನಮಗೆ ಇನ್ನೂ ಸಮಯವಿದೆ.